ಬೆಳಗ್ಗೆ ಬೆರಳು ಮಡಚೋಕೆ ಆಗಲ್ಲ. ಆಫೀಸಲ್ಲಿ ಹೇಳಲಾ, ಬೇಡವಾ?

ಮಂಜಿನಹನಿ (ಚರ್ಚೆ ಶುರು ಮಾಡಿದವರು)

ಎಲ್ಲರಿಗೂ ನಮಸ್ಕಾರ. ನನಗೆ 48 ವರ್ಷ. 22 ವರ್ಷದಿಂದ ಲೆಕ್ಕಪತ್ರ ವಿಭಾಗದಲ್ಲಿ ಕೆಲಸ. ಎರಡು ವರ್ಷದ ಹಿಂದೆ ರುಮಟಾಯ್ಡ್ ಸಂಧಿವಾತ ಅಂತ ಗೊತ್ತಾಯ್ತು. ಮನೆಯವರಿಗೆ ಬಿಟ್ಟರೆ ಇನ್ಯಾರಿಗೂ ಹೇಳಿಲ್ಲ.

ನೋವನ್ನ ಹೇಗೋ ತಡ್ಕೋತೀನಿ. ಬೆಳಗಿನ ಬಿಗಿತ ತಡ್ಕೊಳ್ಳೋಕೆ ಆಗ್ತಿಲ್ಲ. ಎದ್ದ ಮೇಲೆ ಒಂದೂವರೆ ಗಂಟೆ ಬೆರಳುಗಳು ನನ್ನ ಮಾತು ಕೇಳಲ್ಲ. ಟೂತ್‌ಪೇಸ್ಟ್ ಮುಚ್ಚಳವನ್ನ ಎರಡು ಅಂಗೈ ಮಧ್ಯೆ ಒತ್ತಿ ಹಿಡಿದು ತಿರುಗಿಸ್ತೀನಿ. ರವಿಕೆ ಹುಕ್ಕು ಮಗಳು ಹಾಕ್ತಾಳೆ. ಎಂಟೂವರೆಗೆ ಮೀಟಿಂಗ್. ಅಷ್ಟೊತ್ತಿಗೆ ಕೈ ಸಡಿಲ ಆಗಬೇಕು ಅಂದ್ರೆ ಐದಕ್ಕೆ ಎದ್ದು ಬಿಸಿನೀರಲ್ಲಿ ಕೈ ಇಟ್ಕೊಂಡು ಕೂರಬೇಕು.

ಮೊನ್ನೆ ಹೊಸ ಮ್ಯಾನೇಜರ್ ಎಲ್ಲರ ಮುಂದೆ ಮಾರ್ಕರ್ ಕೊಟ್ಟು, ಬೋರ್ಡ್ ಮೇಲೆ ಅಂಕಿ ಬರೀರಿ ಅಂದ್ರು. ಮುಚ್ಚಳ ತೆಗೆಯೋಕೆ ಆಗ್ಲಿಲ್ಲ. ಹಲ್ಲಲ್ಲಿ ಕಚ್ಚಿ ಎಳೆದೆ. ಯಾರೋ ನಕ್ಕರು, ನಾನೂ ನಕ್ಕೆ. ಸೀಟಿಗೆ ಬಂದು ಕೂತ ಮೇಲೆ ಅರ್ಧ ಗಂಟೆ ಏನೂ ಕೆಲಸ ಮಾಡೋಕೆ ಆಗ್ಲಿಲ್ಲ.

ಅಪ್ರೈಸಲ್‌ಗೆ ಎರಡು ತಿಂಗಳಿದೆ. ಈಗ ಹೇಳಿದ್ರೆ "ಇವರ ಕೈಲಿ ಇನ್ನು ಆಗಲ್ಲ" ಅಂತ ಬರ್ಕೊಂಡುಬಿಡ್ತಾರೆ ಅನ್ನೋ ಭಯ. ಹೇಳದೇ ಇದ್ರೆ "ಇತ್ತೀಚೆಗೆ ಚುರುಕಿಲ್ಲ" ಅಂತಾರೆ. ನಿಮ್ಮಲ್ಲಿ ಯಾರಾದ್ರೂ ಇದನ್ನ ದಾಟಿ ಬಂದಿದ್ರೆ ದಯವಿಟ್ಟು ಬರೀರಿ.

ಒಂದೇಮಾತು

ಅಪ್ರೈಸಲ್ ಮುಗಿಯೋವರೆಗೂ ಬಾಯಿ ಬಿಡಬೇಡಿ.

ದಾರಿಬುತ್ತಿ

ನಾನು ಒಪ್ಪಲ್ಲ. ಎರಡು ತಿಂಗಳು ಹಲ್ಲಲ್ಲಿ ಮಾರ್ಕರ್ ಕಚ್ಕೊಂಡು ಇರ್ಬೇಕಾ ಅವರು?

ನಾನು ಹನ್ನೊಂದು ಜನರ ತಂಡ ನೋಡ್ಕೋತೀನಿ. ಮೇಡಂ, ಮೇಜಿನ ಆ ಕಡೆಯಿಂದ ಇದು ಹೇಗೆ ಕಾಣುತ್ತೆ ಅಂತ ಹೇಳ್ತೀನಿ. ಯಾರಾದ್ರೂ ಬಂದು ಒಂದು ಕಾಯಿಲೆ ಹೆಸರು ಹೇಳಿದ್ರೆ ನನಗೆ ಏನು ಮಾಡಬೇಕು ಅಂತ ತಿಳಿಯಲ್ಲ. ಮನೆಗೆ ಹೋಗಿ ಇಂಟರ್ನೆಟ್‌ನಲ್ಲಿ ಹುಡುಕ್ತೀನಿ, ಅಲ್ಲಿರೋ ಅತಿ ಕೆಟ್ಟ ಫೋಟೋ ನೋಡಿ ಹೆದರ್ತೀನಿ. ಅದೇ, "ನನಗೆ ಬೆಳಗ್ಗೆ ಹತ್ತರ ಮೇಲೆ ಮೀಟಿಂಗ್ ಇಡಿ, ಕೈಯಲ್ಲಿ ಬರೆಯೋದು ಬೇಡ, ಟೈಪ್ ಮಾಡ್ತೀನಿ" ಅಂದ್ರೆ ಐದು ನಿಮಿಷದಲ್ಲಿ ಮುಗಿಯೋ ಕೆಲಸ.

ರೋಗದ ಹೆಸರು ಹೇಳಬೇಡಿ. ನಿಮಗೆ ಏನು ಬೇಕು ಅನ್ನೋದನ್ನ ಹೇಳಿ.

ಕಡಲತಡಿ

ದಾರಿಬುತ್ತಿ ಸರ್, ಹೇಳೋಕೆ ಚೆನ್ನಾಗಿದೆ. ನನ್ನ ಕಥೆ ಕೇಳಿ.

ನನಗೆ 44 ಇದ್ದಾಗ ಲೂಪಸ್ (ದೇಹದ ರಕ್ಷಣಾ ವ್ಯವಸ್ಥೆ ದೇಹದ ಮೇಲೇ ದಾಳಿ ಮಾಡೋ ಕಾಯಿಲೆ) ಅಂತ ಗೊತ್ತಾಯ್ತು. ಪ್ರಾಮಾಣಿಕವಾಗಿ ಇರೋಣ ಅಂತ ಮ್ಯಾನೇಜರ್‌ಗೆ ಹೇಳಿದೆ. ತುಂಬಾ ಒಳ್ಳೆಯ ಮನುಷ್ಯ, ಕಣ್ಣಲ್ಲಿ ನೀರು ತಂದ್ಕೊಂಡ್ರು. ಮುಂದಿನ ತಿಂಗಳು ನಾನು ಎರಡು ವರ್ಷ ಕಟ್ಟಿದ್ದ ಪ್ರಾಜೆಕ್ಟ್ ಬೇರೆಯವರಿಗೆ ಹೋಯ್ತು. ಕೇಳಿದ್ರೆ "ನಿಮಗೆ ಒತ್ತಡ ಬೇಡ ಅಂತ" ಅಂದ್ರು. ಆಮೇಲೆ ಟೂರ್‌ಗೆ ಕರೀಲಿಲ್ಲ, "ಪ್ರಯಾಣ ಕಷ್ಟ ಆಗುತ್ತಲ್ಲ". ಆಮೇಲೆ ಬಡ್ತಿ ಪಟ್ಟಿಯಲ್ಲಿ ಹೆಸರಿಲ್ಲ. ಒಂದು ಸಲವೂ ಯಾರೂ ಗದರಲಿಲ್ಲ, ಅವಮಾನ ಮಾಡಲಿಲ್ಲ. ಕನಿಕರ ತೋರಿಸ್ತಾ ತೋರಿಸ್ತಾನೇ ನನ್ನನ್ನ ಮೂಲೆಗೆ ಸರಿಸಿದ್ರು.

ನನ್ನನ್ನ ಒಂದು ಮಾತು ಕೇಳಿದ್ರೆ ಸಾಕಿತ್ತು. ಕೇಳಲಿಲ್ಲ.

ದಾರಿಬುತ್ತಿ

@ಕಡಲತಡಿ ಮೇಡಂ, ಓದಿ ಸ್ವಲ್ಪ ಹೊತ್ತು ಸುಮ್ಮನೆ ಕೂತೆ. ನಾನೂ ಒಂದು ಸಲ ಹೀಗೇ ಮಾಡಿದ್ದೀನಿ. ಹಾರ್ಟ್ ಅಟ್ಯಾಕ್ ಆಗಿ ಎಂಟು ವಾರಕ್ಕೆ ವಾಪಸ್ ಬಂದ ಒಬ್ಬರಿಗೆ ಹಗುರದ ಕೆಲಸ ಕೊಟ್ಟೆ, ಉಪಕಾರ ಮಾಡ್ತಿದ್ದೀನಿ ಅಂದ್ಕೊಂಡು. ಆರು ತಿಂಗಳಲ್ಲಿ ಅವರು ಕೆಲಸ ಬಿಟ್ರು. ಹೋಗೋ ದಿನ "ನನ್ನನ್ನ ನೀವು ಆವತ್ತೇ ರಿಟೈರ್ ಮಾಡಿಸಿದ್ರಿ" ಅಂದ್ರು. ನಿಮ್ಮ ಮಾತು ನಿಜ, ಕೇಳಬೇಕಿತ್ತು.

ಆದ್ರೂ ನನ್ನ ಸಲಹೆ ಬದಲಾಗಲ್ಲ. ನೀವು ಹೆಸರು ಹೇಳಿದ್ರಿ, ಅವರು ಆ ಹೆಸರಿಗೆ ತಾವೇ ಅರ್ಥ ತುಂಬಿಕೊಂಡ್ರು. ಬೇಕಾದ್ದನ್ನ ಮಾತ್ರ ಹೇಳಿದ್ರೆ ಹಾಗೆ ತುಂಬಿಕೊಳ್ಳೋಕೆ ಜಾಗ ಕಡಿಮೆ.

ಎರಡನೇಪಾಳಿ

ಆಫೀಸಿನವರ ಮಾತು ಆಫೀಸಿನವರಿಗೆ ಸರಿ. ಮೀಟಿಂಗ್ ಮುಂದಕ್ಕೆ ಹಾಕಬಹುದು, ಮೆಷಿನ್ ಮುಂದಕ್ಕೆ ಹಾಕೋಕೆ ಆಗುತ್ತಾ?

ನನಗೆ 51. ಸಕ್ಕರೆ ಕಾಯಿಲೆ ಬಂದು 14 ವರ್ಷ. ಫ್ಯಾಕ್ಟರಿಯಲ್ಲಿ ಲೋಹ ಒತ್ತೋ ಪ್ರೆಸ್ ಶಾಪ್‌ನಲ್ಲಿ ಆಪರೇಟರ್. ವಾರಕ್ಕೊಂದು ಪಾಳಿ, ಈ ವಾರ ಬೆಳಗ್ಗೆ, ಬರೋ ವಾರ ಮಧ್ಯಾಹ್ನ, ಆಮೇಲೆ ರಾತ್ರಿ. ಮಾತ್ರೆ, ಇನ್ಸುಲಿನ್, ಊಟ, ನಿದ್ದೆ ನಾಲ್ಕೂ ವಾರವಾರವೂ ತಲೆಕೆಳಗು. ನಮ್ಮಲ್ಲಿ ವರ್ಷಕ್ಕೊಮ್ಮೆ ತಪಾಸಣೆ ಇರೋದ್ರಿಂದ ಮುಚ್ಚಿಡೋ ಪ್ರಶ್ನೆನೇ ಇಲ್ಲ, ಎಲ್ಲ ರಿಪೋರ್ಟಲ್ಲಿ ಇರುತ್ತೆ. ರಾತ್ರಿ ಪಾಳಿ ಬೇಡ ಅಂತ ಕೇಳಿದ್ದಕ್ಕೆ ಸೂಪರ್‌ವೈಸರ್ "ಯಾರಿಗಿಲ್ಲ ಶುಗರ್?" ಅಂದ್ರು.

ಆಮೇಲೆ ಒಂದು ರಾತ್ರಿ ಮೂರು ಗಂಟೆಗೆ ಬೆವರು ಕಿತ್ಕೊಂಡು ಬಂತು. ಕೈ ನಡುಗ್ತಿದೆ, ಕಣ್ಣೆದುರು ಪ್ರೆಸ್ ಮೇಲೆ ಕೆಳಗೆ ಹೋಗ್ತಿದೆ, ನಾನು ಏನು ಮಾಡ್ತಿದ್ದೀನಿ ಅಂತ ನನಗೇ ಗೊತ್ತಿಲ್ಲ. ಪಕ್ಕದ ಹುಡುಗ ಬಂದು ಕೆಂಪು ಬಟನ್ ಒತ್ತಿದ. ರಕ್ತದ ಸಕ್ಕರೆ ಚೆಕ್ ಮಾಡಿದಾಗ 52. ಆ ಹುಡುಗ ಅವತ್ತು ಆ ಕಡೆ ತಿರುಗದೇ ಇದ್ದಿದ್ರೆ ಇವತ್ತು ಈ ಕೈಯಲ್ಲಿ ಟೈಪ್ ಮಾಡ್ತಿರಲಿಲ್ಲ.

ಆಮೇಲೆ ಹಗಲು ಪಾಳಿ ಕೊಟ್ರು. ಜೊತೆಗೇ ರಾತ್ರಿ ಪಾಳಿ ಭತ್ಯೆ ಹೋಯ್ತು. ಮಗಳ ಕಾಲೇಜು ಫೀಸು ಕಟ್ತಾ ಇದ್ದದ್ದು ಆ ಭತ್ಯೆಯಿಂದ. ಇದರ ಬಗ್ಗೆ ಯಾರೂ ಮಾತಾಡಲ್ಲ. ಕೆಲಸ ಉಳಿಯಿತು ಅಂತ ಎಲ್ಲರೂ ಸಮಾಧಾನ ಹೇಳ್ತಾರೆ, ಸಂಬಳ ಎಷ್ಟು ಉಳಿಯಿತು ಅಂತ ಯಾರೂ ಕೇಳಲ್ಲ.

ಮಾತ್ರೆಪೆಟ್ಟಿಗೆ

ಅಣ್ಣಾ, 70ಕ್ಕಿಂತ ಕೆಳಗೆ ಇಳಿದ್ರೇ ಹೈಪೋ, ಅಂದ್ರೆ ರಕ್ತದಲ್ಲಿ ಸಕ್ಕರೆ ತೀರಾ ಕಡಿಮೆ. 54ಕ್ಕಿಂತ ಕೆಳಗೆ ಅಂದ್ರೆ ಗಂಭೀರ, ಆಗ ಮೆದುಳಿಗೇ ಸಕ್ಕರೆ ಸಾಲಲ್ಲ. ಅದಕ್ಕೇ ನಿಮಗೆ ಏನಾಗ್ತಿದೆ ಅಂತ ತಿಳೀಲಿಲ್ಲ. ನೀವು ಹೇಳೋದು ಸಂಪೂರ್ಣ ಸರಿ.

ನಾನು ಫಾರ್ಮಸಿಯಲ್ಲಿ ಇದ್ದೀನಿ. ಇಲ್ಲಿ ಓದುತ್ತಿರೋ ಸಕ್ಕರೆ ಕಾಯಿಲೆಯವರಿಗೆ: ಇಳಿದಾಗ 15 ಗ್ರಾಂ ಗ್ಲೂಕೋಸ್ ತಗೊಳ್ಳಿ, 15 ನಿಮಿಷ ಬಿಟ್ಟು ಮತ್ತೆ ಚೆಕ್ ಮಾಡಿ, ಏರಿಲ್ಲ ಅಂದ್ರೆ ಮತ್ತೆ 15 ಗ್ರಾಂ. ಅದು ಲಾಕರ್‌ನಲ್ಲಿ ಇದ್ರೆ ಪ್ರಯೋಜನ ಇಲ್ಲ, ಜೇಬಲ್ಲಿ ಇರಬೇಕು. ಜೊತೆಯಲ್ಲಿ ಕೆಲಸ ಮಾಡೋ ಒಬ್ಬರಿಗಾದ್ರೂ ಗೊತ್ತಿರಬೇಕು. ಮ್ಯಾನೇಜರ್‌ಗೆ ಹೇಳೋದು ಬಿಡೋದು ನಿಮ್ಮಿಷ್ಟ, ಪಕ್ಕದವರಿಗೆ ಹೇಳಲೇಬೇಕು.

ಇನ್ನೊಂದು ವಿಷಯ. ರಾತ್ರಿ ಹೊತ್ತು ದೇಹ ಇನ್ಸುಲಿನ್‌ಗೆ ಅಷ್ಟಾಗಿ ಸ್ಪಂದಿಸಲ್ಲ. ಹಗಲು ತಿಂದದ್ದನ್ನೇ ರಾತ್ರಿ ತಿಂದ್ರೂ ಸಕ್ಕರೆ ಜಾಸ್ತಿ ಏರುತ್ತೆ. ಪಾಳಿ ಬದಲಾಗೋ ವಾರಗಳಿಗೆ ಡೋಸ್ ಹೇಗೆ ಹೊಂದಿಸಬೇಕು ಅಂತ ಡಾಕ್ಟರ ಹತ್ತಿರ ಪ್ರತಿ ಪಾಳಿಗೂ ಬೇರೆ ಬೇರೆ ಚೀಟಿ ಬರೆಸ್ಕೊಳ್ಳಿ. ಹೆಚ್ಚಿನವರು ತಾವು ಪಾಳಿಯಲ್ಲಿ ಇದ್ದೀವಿ ಅಂತ ಡಾಕ್ಟರ್‌ಗೆ ಹೇಳೋದೇ ಇಲ್ಲ!

ಹಸಿರುಗೆರೆ

ಇದಕ್ಕೆಲ್ಲ ಮೂಲ ನಮ್ಮ ಜೀವನಶೈಲಿ. ಬೆಳಗ್ಗೆ ಬೇಗ ಎದ್ದು ವ್ಯಾಯಾಮ, ಪ್ರಾಣಾಯಾಮ ಮಾಡಿದ್ರೆ ಮೂರು ತಿಂಗಳಲ್ಲಿ ಮಾತ್ರೆ ಬಿಡಬಹುದು. ನನ್ನ ಸ್ನೇಹಿತರೊಬ್ಬರು ಬಿಟ್ಟಿದ್ದಾರೆ.

ಮಂಜಿನಹನಿ

ನಾನು ಐದಕ್ಕೇ ಏಳ್ತೀನಿ ಅಂತ ಮೇಲೆ ಬರ್ದಿದ್ದೀನಿ.

ಮಾತ್ರೆಪೆಟ್ಟಿಗೆ

@ಹಸಿರುಗೆರೆ, ದಯವಿಟ್ಟು ಇಂಥ ಮಾತು ಇಲ್ಲಿ ಹಾಕಬೇಡಿ. ವ್ಯಾಯಾಮ ಒಳ್ಳೇದು, ಯಾರೂ ಇಲ್ಲ ಅಂದಿಲ್ಲ. ರುಮಟಾಯ್ಡ್ ಸಂಧಿವಾತದಲ್ಲಿ ದೇಹದ ರಕ್ಷಣಾ ವ್ಯವಸ್ಥೆಯೇ ಕೀಲಿನ ಒಳಪದರದ ಮೇಲೆ ದಾಳಿ ಮಾಡ್ತಿರುತ್ತೆ. ಔಷಧಿ ಬಿಟ್ಟರೆ ಕೀಲು ಸವೆದು ಸೊಟ್ಟ ಆಗುತ್ತೆ, ಆಮೇಲೆ ಯಾವ ಔಷಧಿ ಕೊಟ್ರೂ ನೆಟ್ಟಗಾಗಲ್ಲ. ನಿಮ್ಮ ಸ್ನೇಹಿತರಿಗೆ ಇದ್ದದ್ದು ಯಾವ ಕಾಯಿಲೆ?

ಹಸಿರುಗೆರೆ

ಅವರಿಗೆ ಬಿಪಿ ಇತ್ತು. ಡಾಕ್ಟರ್ ಹೇಳಿಯೇ ನಿಲ್ಲಿಸಿದ್ದು. ಸರಿ, ಅದನ್ನ ಎಲ್ಲದಕ್ಕೂ ಸೇರಿಸಿ ಬರೆದದ್ದು ತಪ್ಪಾಯ್ತು. ಮಂಜಿನಹನಿಯವರೇ, ಬೇಜಾರು ಮಾಡ್ಕೋಬೇಡಿ.

ವಾರ್ಡ್‌ಅಕ್ಕ

26 ವರ್ಷದಿಂದ ನರ್ಸ್. ರೋಗಿಗಳನ್ನ ಎತ್ತಿ ಎತ್ತಿ ನನ್ನ ಸೊಂಟ ಹೋಗಿದೆ. 2020ರಲ್ಲಿ ಜಗತ್ತಿನಲ್ಲಿ 61.9 ಕೋಟಿ ಜನರಿಗೆ ಸೊಂಟನೋವು ಇತ್ತು ಅಂತ ಅಂದಾಜು. ಅಷ್ಟೊಂದು ಜನರಿಗೆ ಇದ್ರೂ "ಸೊಂಟನೋವು" ಅಂತ ರಜೆ ಚೀಟಿ ಬರೆದ್ರೆ ನೆಪ ಅಂತಲೇ ನೋಡ್ತಾರೆ. ಆಸ್ಪತ್ರೆಯಲ್ಲೇ ಹೀಗೆ ನೋಡ್ತಾರೆ, ಡಾಕ್ಟರುಗಳೇ.

ನಾನು ಮಾಡಿದ್ದು ಇಷ್ಟು. ಒಂದು ತಿಂಗಳು ನೋಟ್‌ಬುಕ್‌ನಲ್ಲಿ ಬರೆದೆ. ಯಾವ ದಿನ ಎಷ್ಟು ಜನರನ್ನ ಮಗ್ಗುಲು ತಿರುಗಿಸಿದೆ, ಎಷ್ಟು ಜನರನ್ನ ಒಬ್ಬಳೇ ಎತ್ತಿದೆ, ಯಾವ ಹೊತ್ತಿಗೆ ಬಗ್ಗೋಕೆ ಆಗದೇ ಹೋಯ್ತು. ಅದನ್ನ ಮೇಟ್ರನ್ ಮುಂದೆ ಇಟ್ಟೆ. "ನನಗೆ ನೋವು" ಅಂದಾಗ ಕೇಳದವರು "ಒಬ್ಬಳೇ 14 ಜನರನ್ನ ಎತ್ತಿದ ದಿನ" ಅಂತ ಓದಿದಾಗ ಕೂತ್ಕೊಳ್ಳಿ ಅಂದ್ರು. ಜಾರುಹಾಳೆ (ರೋಗಿಯನ್ನ ಎತ್ತದೇ ಜಾರಿಸೋ ಹಾಳೆ) ಕೊಟ್ರು, ಇಬ್ಬಿಬ್ಬರು ಸೇರಿ ಎತ್ತೋ ನಿಯಮ ತಂದ್ರು. ನನಗೊಬ್ಬಳಿಗೆ ಅಂತ ಕೇಳಿದ್ದು ಇಡೀ ವಾರ್ಡಿಗೆ ಆಯ್ತು.

ತಂಗಿ, ನೀವೂ ಬರೆದಿಡಿ. ಎಷ್ಟು ಹೊತ್ತಿಗೆ ಕೈ ಸಡಿಲ ಆಗುತ್ತೆ, ಯಾವ ಹೊತ್ತಲ್ಲಿ ಎಷ್ಟು ಕೆಲಸ ಆಗುತ್ತೆ, ಎಲ್ಲ.

ಚಿತ್ರಪಟ

ವಿಷಯಕ್ಕೆ ಸ್ವಲ್ಪ ದೂರ. ಫ್ರೆಂಚ್ ಚಿತ್ರಕಾರ ರೆನ್ವಾರ್‌ಗೂ ಮಂಜಿನಹನಿಯವರಿಗಿರೋ ಸಂಧಿವಾತವೇ ಇತ್ತು. ಸುಮಾರು 50ನೇ ವಯಸ್ಸಿಗೆ ಶುರುವಾಯ್ತು, 1919ರಲ್ಲಿ ತೀರಿಕೊಳ್ಳೋವರೆಗೂ ಚಿತ್ರ ಬಿಡಲಿಲ್ಲ. ಕುಂಚವನ್ನ ಕೈಗೆ ಕಟ್ಟಿಸ್ಕೊಂಡು ಬಿಡಿಸ್ತಿದ್ರಂತೆ. ನಿಮಗೆ ಧೈರ್ಯ ಬರಲಿ ಅಂತ ಹೇಳಿದೆ.

ಲಿಪಿಕಾರ

ಕುಂಚ ಕಟ್ತಿದ್ದದ್ದಲ್ಲ, ಅದು ಬಾಯಿಂದ ಬಾಯಿಗೆ ಬಂದ ಕಥೆ. ಕೈಗೆ ಬಟ್ಟೆ ಸುತ್ತುತ್ತಿದ್ರು, ಬೆರಳು ಒಳಕ್ಕೆ ಬಾಗಿ ಅಂಗೈ ಚರ್ಮಕ್ಕೆ ಒತ್ತದಿರಲಿ ಅಂತ. ಕುಂಚವನ್ನ ಯಾರಾದ್ರೂ ಬೆರಳ ಸಂದಿಗೆ ಇಟ್ಟು ಕೊಡ್ತಿದ್ರು. 1915ರಲ್ಲಿ ಅವರು ಚಿತ್ರ ಬಿಡಿಸೋದನ್ನ ಚಲನಚಿತ್ರವಾಗಿ ತೆಗೆದಿದ್ದಾರೆ, ಅದರಲ್ಲಿ ನೋಡಬಹುದು.

ಎರಡನೇಪಾಳಿ

ಒಳ್ಳೇದು. ಆದ್ರೆ ಆ ಮಹಾನುಭಾವರಿಗೆ ಎಂಟೂವರೆಗೆ ಹಾಜರಿ ಇರಲಿಲ್ಲ. ಕುಂಚ ಇಟ್ಟು ಕೊಡೋಕೆ ಪಕ್ಕದಲ್ಲಿ ಜನ ಇದ್ರು. ಧೈರ್ಯ ಎಲ್ಲರಲ್ಲೂ ಇದೆ ಸ್ವಾಮಿ, ಕುಂಚ ಕೊಡೋರು ಬೇಕು.

ಕಡಲತಡಿ

ಈ ಕೊನೇ ಸಾಲಿಗೆ ನೂರು ಲೈಕ್.

ಕಾನೂನುಓದುಗ

ಕೆಲವು ಅಂಶ ಹೇಳ್ತೀನಿ, ಉಪಯೋಗಕ್ಕೆ ಬರಬಹುದು. ವಿಶ್ವಸಂಸ್ಥೆಯ 2006ರ ಅಂಗವಿಕಲರ ಹಕ್ಕುಗಳ ಒಡಂಬಡಿಕೆಯಲ್ಲಿ 27ನೇ ವಿಧಿ ಕೆಲಸದ ಬಗ್ಗೆ. ಕೆಲಸದಲ್ಲಿ ಇರುವಾಗಲೇ ಅಂಗವೈಕಲ್ಯ ಬಂದವರನ್ನೂ ಅದು ಹೆಸರಿಸಿ ಸೇರಿಸುತ್ತೆ. "ಸಮಂಜಸ ಅನುಕೂಲ" ಅನ್ನೋ ಮಾತು ಅಲ್ಲಿದೆ: ಮಾಲೀಕರ ಮೇಲೆ ಅತಿಯಾದ ಹೊರೆ ಬೀಳದ ಹಾಗೆ, ಆ ವ್ಯಕ್ತಿಗೆ ಬೇಕಾದ ಬದಲಾವಣೆ ಮಾಡಿಕೊಡೋದು. ಮಾಡಿಕೊಡದಿದ್ರೆ ಅದೂ ತಾರತಮ್ಯವೇ.

ಅಂತಾರಾಷ್ಟ್ರೀಯ ಕಾರ್ಮಿಕ ಸಂಸ್ಥೆಯ 1982ರ 158ನೇ ಒಪ್ಪಂದದ ಪ್ರಕಾರ, ಕಾಯಿಲೆಯಿಂದ ತಾತ್ಕಾಲಿಕವಾಗಿ ಗೈರಾದದ್ದು ಕೆಲಸದಿಂದ ತೆಗೆಯೋಕೆ ಸರಿಯಾದ ಕಾರಣ ಅಲ್ಲ. ಎರಡನೇಪಾಳಿಯವರಿಗೆ ಸಂಬಂಧಿಸಿದ್ದು 1990ರ 171ನೇ ಒಪ್ಪಂದ. ಆರೋಗ್ಯದ ಕಾರಣಕ್ಕೆ ರಾತ್ರಿ ಪಾಳಿಗೆ ಆಗಲ್ಲ ಅಂತ ದೃಢಪಟ್ಟವರನ್ನ, ಸಾಧ್ಯವಿದ್ದಲ್ಲೆಲ್ಲ, ಅವರಿಗೆ ಆಗುವಂಥ ಅದೇ ರೀತಿಯ ಕೆಲಸಕ್ಕೆ ಹಾಕಬೇಕು ಅನ್ನುತ್ತೆ.

ಒಪ್ಪಂದಕ್ಕೆ ಸೇರಿದ ದೇಶಗಳಿಗೆ ಮಾತ್ರ ಇವು ಬದ್ಧ. ಆದ್ದರಿಂದ ಮೊದಲು ನಿಮ್ಮ ದೇಶದ ಕಾನೂನು, ಆಮೇಲೆ ನಿಮ್ಮ ನೇಮಕಾತಿ ಪತ್ರ, ಆಮೇಲೆ ಕಂಪನಿಯ ರಜೆ ನಿಯಮ, ಮೂರನ್ನೂ ಓದಿ.

ಎರಡನೇಪಾಳಿ

"ಸಾಧ್ಯವಿದ್ದಲ್ಲೆಲ್ಲ" ಅನ್ನೋ ಒಂದು ಪದದಲ್ಲಿ ಎಲ್ಲ ಹೋಯ್ತಲ್ಲ ಸರ್.

ಕಾನೂನುಓದುಗ

ಹೌದು, ಆ ಪದ ನನಗೂ ಚುಚ್ಚುತ್ತೆ. ಅದಕ್ಕೇ ಬಾಯಲ್ಲಿ ಕೇಳಬಾರದು, ಬರವಣಿಗೆಯಲ್ಲಿ ಕೇಳಬೇಕು. "ಸಾಧ್ಯವಿಲ್ಲ" ಅನ್ನೋದನ್ನ ಅವರೂ ಬರೆದು ಕೊಡಬೇಕಾಗುತ್ತೆ. ಬರೆಯುವಾಗ ಕೈ ತಡೆಯುತ್ತೆ.

ಸ್ಟೀರಿಂಗ್

ಲಾರಿ ಓಡಿಸ್ತೀನಿ, 46. ನಿದ್ದೆಯಲ್ಲಿ ಉಸಿರು ನಿಲ್ಲೋ ಕಾಯಿಲೆ, ಸ್ಲೀಪ್ ಅಪ್ನಿಯ. ಹಗಲು ತೂಕಡಿಕೆ. ನಾನು ಮುಚ್ಚಿಟ್ಟಿದ್ದೆ, ಲೈಸೆನ್ಸ್ ಹೋಗುತ್ತೆ ಅಂತ. ಒಂದು ಸಲ ರಸ್ತೆ ಬಿಟ್ಟು ಮಣ್ಣಿಗೆ ಇಳಿದೆ. ಯಾರಿಗೂ ಏನೂ ಆಗ್ಲಿಲ್ಲ. ಅವತ್ತೇ ಮಾಲೀಕರಿಗೆ ಹೇಳಿದೆ. ಈಗ ರಾತ್ರಿ ಮೂಗಿಗೆ ಸಿಪ್ಯಾಪ್ ಮಾಸ್ಕ್ (ಗಾಳಿ ಒತ್ತಿ ಉಸಿರಿನ ದಾರಿ ತೆರೆದಿಡೋ ಯಂತ್ರದ್ದು) ಹಾಕ್ಕೊಂಡು ಮಲಗ್ತೀನಿ, ತೂಕಡಿಕೆ ನಿಂತಿದೆ.

ಲೆಕ್ಕ ಬರೆಯೋರು ಹೇಳಬೇಕಾ ಬೇಡವಾ ಅಂತ ಯೋಚಿಸಬಹುದು. ಬೇರೆಯವರ ಜೀವ ನಮ್ಮ ಕೈಯಲ್ಲಿ ಇರೋ ಕೆಲಸದಲ್ಲಿ ಆ ಆಯ್ಕೆ ಇಲ್ಲ. ನಾನು ಎರಡು ವರ್ಷ ತಡ ಮಾಡಿದೆ, ಅದು ಈಗಲೂ ಮನಸ್ಸಲ್ಲಿ ಕುಟುಕುತ್ತೆ.

ಜೊತೆಗಾರ್ತಿ

ನಮ್ಮ ಯಜಮಾನರಿಗೆ ಕಿಡ್ನಿ ಹೋಗಿದೆ, 53. ಮೊದಲು ವಾರಕ್ಕೆ ಮೂರು ಸಲ, ಒಂದೊಂದು ಸಲ ನಾಲ್ಕು ಗಂಟೆ ಡಯಾಲಿಸಿಸ್. ಹೋಗೋದು ಬರೋದು, ಆಮೇಲೆ ಸುಸ್ತು, ಮೂರು ದಿನ ಪೂರ್ತಿ ಹಾಳು. ಕೆಲಸ ಬಿಡೋದೇ ಅಂದ್ಕೊಂಡಿದ್ವಿ. ಆಮೇಲೆ ಹೊಟ್ಟೆಗೆ ನಳಿಕೆ ಹಾಕಿ ಮಾಡೋ ಪೆರಿಟೋನಿಯಲ್ ಡಯಾಲಿಸಿಸ್ ಬಗ್ಗೆ ಡಾಕ್ಟರ್ ಹೇಳಿದ್ರು. ರಾತ್ರಿ ಮಲಗಿದಾಗ ಯಂತ್ರವೇ ಮಾಡುತ್ತೆ, ಬೆಳಗ್ಗೆ ನಳಿಕೆ ಬಿಚ್ಚಿ ಕೆಲಸಕ್ಕೆ ಹೋಗ್ತಾರೆ. ಎಲ್ಲರಿಗೂ ಹೊಂದಲ್ಲ, ಶುಚಿ ಬಹಳ ಮುಖ್ಯ, ಸೋಂಕಿನ ಭಯ ಇದ್ದೇ ಇರುತ್ತೆ. ಆದ್ರೆ ನಮಗೆ ಕೆಲಸ ಉಳಿಸಿದ್ದು ಅದೇ.

ಇದನ್ನ ಯಾಕೆ ಹೇಳಿದೆ ಅಂದ್ರೆ, ಮೊದಲನೇ ವರ್ಷ ನಾವು ಡಾಕ್ಟರ ಹತ್ತಿರ ಕೆಲಸದ ವಿಷಯವನ್ನೇ ಎತ್ತಲಿಲ್ಲ. ಜೀವ ಉಳಿದ್ರೆ ಸಾಕು ಅನ್ನೋ ಸ್ಥಿತಿ. "ನಾನು ದುಡಿಯಲೇಬೇಕು, ಅದಕ್ಕೆ ಹೊಂದೋ ಚಿಕಿತ್ಸೆ ಯಾವುದು?" ಅಂತ ಕೇಳಿದ ದಿನ ಡಾಕ್ಟರೂ ಬೇರೆ ರೀತಿ ಯೋಚನೆ ಮಾಡಿದ್ರು.

ಮಾತ್ರೆಪೆಟ್ಟಿಗೆ

ಜೊತೆಗಾರ್ತಿ ಅಕ್ಕ ಹೇಳಿದ್ದು ಇಲ್ಲಿಯ ಅತಿ ಮುಖ್ಯ ಮಾತು. ಮಂಜಿನಹನಿಯವರೇ, ಒಂದೂವರೆ ಗಂಟೆ ಬಿಗಿತ ಅಂದ್ರೆ ಕಾಯಿಲೆ ಇನ್ನೂ ಹತೋಟಿಗೆ ಬಂದಿಲ್ಲ ಅಂತ. ಮುಂದಿನ ಭೇಟಿಯಲ್ಲಿ ಡಾಕ್ಟರ್‌ಗೆ ಈ ಟೂತ್‌ಪೇಸ್ಟ್, ಮಾರ್ಕರ್ ಕಥೆ ಹೇಳಿ. "ಪರವಾಗಿಲ್ಲ" ಅನ್ನಬೇಡಿ. ಈ ಸಂಧಿವಾತಕ್ಕೆ ಕೊಡೋ ಮೆಥೊಟ್ರೆಕ್ಸೇಟ್ ಮಾತ್ರೆ ತಗೋತಿದ್ದೀರಾ?

ಮಂಜಿನಹನಿ

ಹೌದು, ಭಾನುವಾರ ರಾತ್ರಿ. ಸೋಮವಾರ ಪೂರ್ತಿ ವಾಕರಿಕೆ, ತಲೆ ಭಾರ. ವಾರದ ದೊಡ್ಡ ಮೀಟಿಂಗ್ ಇರೋದೂ ಸೋಮವಾರವೇ.

ಮಾತ್ರೆಪೆಟ್ಟಿಗೆ

ಡಾಕ್ಟರನ್ನ ಕೇಳಿ ಶುಕ್ರವಾರ ರಾತ್ರಿಗೆ ಬದಲಾಯಿಸ್ಕೊಳ್ಳಿ. ತುಂಬಾ ಜನ ಹಾಗೇ ಮಾಡ್ತಾರೆ, ಸುಸ್ತು ರಜೆ ದಿನದಲ್ಲಿ ಕಳೆದುಹೋಗುತ್ತೆ. ಅದರ ಜೊತೆ ಕೊಡೋ ಫೋಲಿಕ್ ಆಸಿಡ್ ಮಾತ್ರೆ ಯಾವ ದಿನ ಅನ್ನೋದನ್ನೂ ಅವರನ್ನೇ ಕೇಳಿ. ಮತ್ತೆ ಮತ್ತೆ ಹೇಳ್ತೀನಿ, ಮೆಥೊಟ್ರೆಕ್ಸೇಟ್ ವಾರಕ್ಕೆ ಒಂದೇ ಸಲದ ಔಷಧಿ. ದಿನ ಬದಲಾಯಿಸುವಾಗ ಗೊಂದಲದಲ್ಲಿ ದಿನವೂ ನುಂಗಿ ಪ್ರಾಣಕ್ಕೆ ತಂದ್ಕೊಂಡವರಿದ್ದಾರೆ. ಕ್ಯಾಲೆಂಡರ್‌ನಲ್ಲಿ ಗುರುತು ಹಾಕಿ.

ಒಂದೇಮಾತು

ಅಷ್ಟೆಲ್ಲ ಕಷ್ಟಪಟ್ಟು ಯಾಕೆ ದುಡೀಬೇಕು, ಸ್ವಯಂ ನಿವೃತ್ತಿ, ಅಂದ್ರೆ ವಿಆರ್‌ಎಸ್ ತಗೊಳ್ಳಿ.

ವಾರ್ಡ್‌ಅಕ್ಕ

48ಕ್ಕೆ ತಗೊಂಡು ಮುಂದಿನ ಮೂವತ್ತು ವರ್ಷ ಏನು ಮಾಡ್ಬೇಕು ತಮ್ಮಾ? ಔಷಧಿಗೆ ದುಡ್ಡು ಯಾರು ಕೊಡ್ತಾರೆ? ಈ ವಯಸ್ಸಲ್ಲೇ ಮಕ್ಕಳ ಓದು, ಈ ವಯಸ್ಸಲ್ಲೇ ಅಪ್ಪ ಅಮ್ಮನ ಆಸ್ಪತ್ರೆ, ಈ ವಯಸ್ಸಲ್ಲೇ ನಮ್ಮ ಮೈಯೂ ಕೈ ಕೊಡೋದು. ಮೂರೂ ಒಟ್ಟಿಗೆ ಬರುತ್ತೆ. ಕೆಲಸ ಬಿಟ್ಟರೆ ಮೂರೂ ಒಟ್ಟಿಗೆ ಬೀಳುತ್ತೆ.

ಲಿಪಿಕಾರ

ಇದಕ್ಕೊಂದು ಅಂಕಿ ಇದೆ. ವಿಶ್ವ ಆರೋಗ್ಯ ಸಂಸ್ಥೆ ಮತ್ತು ಕಾರ್ಮಿಕ ಸಂಸ್ಥೆ ಸೇರಿ 2021ರಲ್ಲಿ ಹೇಳಿದ್ದು: ವಾರಕ್ಕೆ 55 ಗಂಟೆ, ಅದಕ್ಕಿಂತ ಜಾಸ್ತಿ ದುಡಿದವರಿಗೆ, 35ರಿಂದ 40 ಗಂಟೆ ದುಡಿಯುವವರಿಗೆ ಹೋಲಿಸಿದ್ರೆ, ಪಾರ್ಶ್ವವಾಯುವಿನ ಅಪಾಯ ಶೇ. 35 ಜಾಸ್ತಿ. ಹೃದ್ರೋಗದಿಂದ ಸಾಯೋ ಅಪಾಯ ಶೇ. 17 ಜಾಸ್ತಿ. 2016ರಲ್ಲಿ ಹೀಗೆ ಸತ್ತವರು 7.45 ಲಕ್ಷ. ಅವರಲ್ಲಿ ಹೆಚ್ಚಿನವರು ಸತ್ತದ್ದು 60ರಿಂದ 79ರ ವಯಸ್ಸಲ್ಲಿ, ಅಷ್ಟು ಗಂಟೆ ದುಡಿದದ್ದು 45 ದಾಟಿದ ಮೇಲೆ. ಅಂದ್ರೆ ನಾವು ಈಗ ದುಡಿಯೋ ಓವರ್‌ಟೈಮ್‌ನ ಬಿಲ್ಲು ನಿವೃತ್ತಿ ಆದ ಮೇಲೆ ಬರುತ್ತೆ.

ಎರಡನೇಪಾಳಿ

ಓವರ್‌ಟೈಮ್ ಬೇಕು ಅಂತ ಯಾರೂ ಮಾಡಲ್ಲ ಸರ್. ಭತ್ಯೆ ಹೋದ ಮೇಲೆ ನಾನು ಭಾನುವಾರ ಓವರ್‌ಟೈಮ್ ಮಾಡ್ತಿದ್ದೀನಿ.

ಮಂಜಿನಹನಿ

(ಮೂರು ವಾರದ ನಂತರ)

ಎಲ್ಲರಿಗೂ ಧನ್ಯವಾದ. ಏನಾಯ್ತು ಅಂತ ಹೇಳ್ಬೇಕು ಅನ್ನಿಸ್ತು.

ವಾರ್ಡ್‌ಅಕ್ಕ ಹೇಳಿದ ಹಾಗೆ ಎರಡು ವಾರ ಬರೆದೆ. ಹತ್ತೂವರೆಯಿಂದ ಎರಡರವರೆಗೆ ನನ್ನ ಕೆಲಸ ಅತಿ ಚುರುಕು ಅಂತ ನನಗೇ ಆಗ ಗೊತ್ತಾಯ್ತು. ಆ ಹಾಳೆ ತಗೊಂಡು ಹೋದೆ. ದಾರಿಬುತ್ತಿಯವರು ಹೇಳಿದ ಹಾಗೆ ಎರಡೇ ವಿಷಯ ಕೇಳಿದೆ: ಮೀಟಿಂಗ್ ಹತ್ತರ ಮೇಲೆ, ಬೋರ್ಡ್ ಮೇಲೆ ಬರೆಯೋದು ಬೇರೆಯವರು. ಮ್ಯಾನೇಜರ್ ನೇರವಾಗಿ "ಏನು ಕಾಯಿಲೆ?" ಅಂತ ಕೇಳಿಬಿಟ್ರು. ಅದಕ್ಕೆ ತಯಾರಿ ಮಾಡ್ಕೊಂಡೇ ಹೋಗಿದ್ದೆ, ಆದ್ರೂ ಗಂಟಲು ಕಟ್ತು. "ಕೀಲುಗಳ ತೊಂದರೆ, ಔಷಧಿ ನಡೀತಿದೆ, ಕೆಲಸಕ್ಕೆ ತೊಂದರೆ ಆಗೋ ಹೊತ್ತು ಇದರಲ್ಲಿ ಬರ್ದಿದ್ದೀನಿ" ಅಂದು ಹಾಳೆ ಮುಂದೆ ತಳ್ಳಿದೆ. ಮುಂದೆ ಕೇಳಲಿಲ್ಲ.

ಮೀಟಿಂಗ್ ಹತ್ತಕ್ಕೆ ಆಗಿದೆ. "ತಿಂಗಳ ಕೊನೆವರೆಗೆ ನೋಡೋಣ" ಅಂದಿದ್ದಾರೆ, ಹೌದು ಅಂತ ಇನ್ನೂ ಅಂದಿಲ್ಲ. ಬೋರ್ಡ್ ಹತ್ತಿರ ಈಗ ಹೊಸ ಹುಡುಗ ನಿಲ್ತಾನೆ, ನಾನು ಅಂಕಿ ಹೇಳ್ತೀನಿ. ಅಪ್ರೈಸಲ್ ಏನಾಗುತ್ತೋ ಗೊತ್ತಿಲ್ಲ. ಭಯ ಹೋಗಿಲ್ಲ. ಆದ್ರೆ ಮೀಟಿಂಗ್‌ನಲ್ಲಿ ಕೈಯನ್ನ ಮೇಜಿನ ಕೆಳಗೆ ಇಟ್ಕೊಳ್ಳೋದು ಬಿಟ್ಟಿದ್ದೀನಿ.

ಮಾತ್ರೆ ಶುಕ್ರವಾರಕ್ಕೆ ಬದಲಾಯ್ತು. ಡೋಸೂ ಏರಿಸಿದ್ದಾರೆ.

ಕಡಲತಡಿ

ಓದಿ ಕಣ್ಣು ತುಂಬಿತು. ಕೆಲಸ ಕಡಿಮೆ ಮಾಡೋಕೆ ಬಂದ್ರೆ ಮಾತ್ರ ಒಪ್ಪಬೇಡಿ. "ಸಮಯ ಬದಲಾಯಿಸಿ ಅಂದೆ, ಕೆಲಸ ಕಡಿಮೆ ಮಾಡಿ ಅನ್ನಲಿಲ್ಲ" ಅಂತ ಮೊದಲನೇ ಸಲವೇ ಹೇಳಿ. ನಾನು ಹೇಳಲಿಲ್ಲ.

ಕಾನೂನುಓದುಗ

ಬರವಣಿಗೆಯಲ್ಲಿ ಇದೆಯಾ?

ಮಂಜಿನಹನಿ

ಅವತ್ತು ಸಂಜೆನೇ "ನಮ್ಮ ಮಾತುಕತೆಯಂತೆ" ಅಂತ ಶುರು ಮಾಡಿ ಇಮೇಲ್ ಹಾಕಿದೆ. "ಸರಿ" ಅಂತ ಉತ್ತರ ಬಂದಿದೆ. ಒಂದೇ ಪದ.

ಕಾನೂನುಓದುಗ

ಸಾಕು. ಪ್ರಿಂಟ್ ತೆಗೆದು ಮನೆಯಲ್ಲಿ ಇಡಿ.

ಮಾತ್ರೆಪೆಟ್ಟಿಗೆ

ಡೋಸ್ ಏರಿಸಿದ ಮೇಲೆ ಲಿವರ್ ಮತ್ತು ರಕ್ತಕಣದ ಟೆಸ್ಟ್ ಯಾವಾಗ? ತಪ್ಪಿಸಬೇಡಿ.

ಮಂಜಿನಹನಿ

ಬರೋ ಬುಧವಾರ ಬೆಳಗ್ಗೆ ಎಂಟಕ್ಕೆ. ಈಗ ರಜೆ ಹಾಕದೇ ಹೋಗಿ ಬರಬಹುದು.

ಎರಡನೇಪಾಳಿ

ನಾನೂ ಭತ್ಯೆ ವಿಷಯ ಬರೆದು ಕೊಡೋಣ ಅಂತಿದ್ದೀನಿ ಅಕ್ಕ. ಕಾನೂನುಓದುಗ ಸರ್, ಅರ್ಜಿ ಒಂದು ಸಲ ನೋಡಿ ಕೊಡ್ತೀರಾ?

ಕಾನೂನುಓದುಗ

ಕಳಿಸಿ. ಇವತ್ತು ರಾತ್ರಿನೇ ನೋಡ್ತೀನಿ.